ಅಡುಗೆಯ ಚೀಟಿ: ಸಿಗಡಿ ಗಸಿ, ಕುಚ್ಚಲಕ್ಕಿ ಅನ್ನ

(ಕಾಸರಗೋಡಿನ ಒಂದು ಸಾಕ್ಷರತಾ ಕೇಂದ್ರದ ಸಂಜೆ ತರಗತಿಯಲ್ಲಿ ಆಡಿದ ಮಾತು)



ಇವತ್ತು ನಾನು ಅಡುಗೆಯ ವಿಷಯ ಮಾತಾಡುತ್ತೇನೆ. “ಅಡುಗೆ ನಮಗೆ ಗೊತ್ತಿಲ್ಲವಾ ಟೀಚರೇ? ಅದನ್ನೂ ನೀವೇ ಹೇಳ್ಬೇಕಾ?” ಎಂದು ನೀವು ನಗಬಹುದು. ನಗಿ, ತೊಂದರೆ ಇಲ್ಲ. ಅಡುಗೆಯಲ್ಲಿ ನೀವು ನನಗಿಂತ ದೊಡ್ಡವರು. ನಾನು ಹೇಳುವುದು ಅಡುಗೆಯನ್ನು ಬರೆದಿಡುವ ವಿಷಯ.

ಯಾಕೆ ಬರೆದಿಡಬೇಕು? ಮೊದಲು ಅದನ್ನು ಹೇಳುತ್ತೇನೆ.

ಈ ಕೆಲಸದಲ್ಲಿ ನಾನು ಒಂದು ಮಾತನ್ನು ಮತ್ತೆ ಮತ್ತೆ ಕೇಳಿದ್ದೇನೆ. “ಟೀಚರೇ, ನಾಳೆ ಬರ್ಲಿಕ್ಕೆ ಆಗುವುದಿಲ್ಲ. ರಾತ್ರಿಗೆ ಅನ್ನ ಯಾರು ಇಡುವುದು?” ಒಂದು ದಿನ ತಪ್ಪುತ್ತದೆ. ಆಮೇಲೆ ಎರಡು ದಿನ ತಪ್ಪುತ್ತದೆ. ಅಷ್ಟರಲ್ಲಿ ತರಗತಿ ಒತ್ತಕ್ಷರಕ್ಕೆ ಬಂದಿರುತ್ತದೆ. ತಪ್ಪಿದವರಿಗೆ ನಾಚಿಕೆ ಆಗುತ್ತದೆ. ಮತ್ತೆ ಅವರು ಬರುವುದೇ ಇಲ್ಲ. ಕಲಿಯುವ ಆಸೆ ಇದ್ದವರೂ ಹೀಗೆ ಬಿಟ್ಟು ಹೋಗುತ್ತಾರೆ.

ಮನೆಯಲ್ಲಿ ಬೇರೆ ಯಾರೂ ಇಲ್ಲವೇ? ಇದ್ದಾರೆ. ಗಂಡ ಇದ್ದಾರೆ. ಬೆಳೆದ ಮಗ ಇದ್ದಾನೆ. ಕಾಲೇಜಿಗೆ ಹೋಗುವ ಮಗಳು ಇದ್ದಾಳೆ. ಕೇಳಿದರೆ, “ನಮಗೆ ಗೊತ್ತಿಲ್ಲ, ಅಮ್ಮನಿಗೇ ಗೊತ್ತು” ಎನ್ನುತ್ತಾರೆ. ಅದು ಸುಳ್ಳಲ್ಲ. ಉಪ್ಪು ಎಷ್ಟು, ಹುಳಿ ಎಷ್ಟು, ಎಷ್ಟು ಹೊತ್ತು ಬೇಯಬೇಕು, ಎಲ್ಲವೂ ಅಮ್ಮನ ಕೈಯಲ್ಲಿ ಉಂಟು. ಬೇರೆ ಎಲ್ಲಿಯೂ ಇಲ್ಲ.

ಅದನ್ನು ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದರೆ? ಆಗ ಓದಲು ಬರುವ ಯಾರೂ “ಗೊತ್ತಿಲ್ಲ” ಎನ್ನುವಂತಿಲ್ಲ. ಆ ಒಂದು ಚೀಟಿಯಿಂದ ನಿಮಗೆ ಸಂಜೆಯ ಒಂದು ಗಂಟೆ ಸಿಗಬಹುದು.

ಇವತ್ತು ನಮ್ಮ ಊರಿನ ಒಂದು ಊಟವನ್ನೇ ತೆಗೆದುಕೊಳ್ಳುವ. ಸಿಗಡಿ ಗಸಿ ಮತ್ತು ಕುಚ್ಚಲಕ್ಕಿ ಅನ್ನ. ಸಿಗಡಿ ತಿನ್ನದವರು ಇದ್ದೀರಿ. ನಿಮ್ಮ ಮನೆಯ ಸಾರನ್ನೋ ಹುಳಿಯನ್ನೋ ಇದೇ ಕ್ರಮದಲ್ಲಿ ಬರೆಯಬಹುದು.

ಸಿಗಡಿ ಕೊಳ್ಳುವಾಗ

ಬೋರ್ಡಿನಲ್ಲಿ ಬರೆಯಿರಿ: ಸಿ – ಗ – ಡಿ. ಮೂರೇ ಅಕ್ಷರ. ಒತ್ತಕ್ಷರ ಇಲ್ಲ. ತುಳುವಿನಲ್ಲಿ ಇದಕ್ಕೆ ಎಟ್ಟಿ ಎನ್ನುತ್ತೇವೆ. ಮಲಯಾಳದಲ್ಲಿ ಚೆಮ್ಮೀನ್. ನಮ್ಮ ಮಾರ್ಕೆಟಿನಲ್ಲಿ ಈ ಮೂರು ಹೆಸರೂ ಕಿವಿಗೆ ಬೀಳುತ್ತವೆ.

ಒಳ್ಳೆಯ ಸಿಗಡಿ ಯಾವುದು? ಚಿಪ್ಪು ಹೊಳೆಯುತ್ತಿರಬೇಕು. ತಲೆ ಮೈಗೆ ಗಟ್ಟಿಯಾಗಿ ಅಂಟಿರಬೇಕು. ಕಡಲಿನ ವಾಸನೆ ಇದ್ದರೆ ಸರಿ. ತಲೆ ಕಪ್ಪಾಗಿದ್ದರೆ, ಮೈ ಲೋಳೆಯಾಗಿದ್ದರೆ, ಮೂಗಿಗೆ ಹೊಡೆಯುವ ಘಾಟು ಇದ್ದರೆ ಬೇಡ ಎನ್ನಿ. ಕಡಿಮೆ ಬೆಲೆಗೆ ಕೊಟ್ಟರೂ ಬೇಡ.

ತೂಕ ಮಾಡುವಾಗ ಯಂತ್ರವನ್ನು ನೋಡಿ. ಈಗ ನಿಮಗೆ ಅಂಕೆ ಓದಲು ಬರುತ್ತದೆ. ಸಿಗಡಿ ಹಾಕುವ ಮೊದಲು ಯಂತ್ರ ಸೊನ್ನೆ ತೋರಿಸಬೇಕು. ಬಟ್ಟಲು ಇಟ್ಟಿದ್ದರೆ ಬಟ್ಟಲು ಸಮೇತ ಸೊನ್ನೆ ಇರಬೇಕು. ಇಲ್ಲದಿದ್ರೆ ಬಟ್ಟಲಿನ ಭಾರಕ್ಕೂ ನೀವೇ ದುಡ್ಡು ಕೊಟ್ಟ ಹಾಗೆ. ಅರ್ಧ ಕಿಲೋ ಅಂದರೆ 500 ಗ್ರಾಂ. ಯಂತ್ರದಲ್ಲಿ ಅದು 0.500 ಎಂದು ಕಾಣುತ್ತದೆ.

ಈಗ ಒಂದು ಲೆಕ್ಕ ಮಾಡುವ. ತಲೆ, ಚಿಪ್ಪು ಇರುವ ಸಿಗಡಿ ಕಿಲೋಗೆ 300 ರೂಪಾಯಿ ಎಂದು ಇಟ್ಟುಕೊಳ್ಳಿ. ಪಕ್ಕದಲ್ಲಿ ಸುಲಿದ ಸಿಗಡಿ ಉಂಟು. ಅದು ಕಿಲೋಗೆ 550 ರೂಪಾಯಿ. ಯಾವುದು ಲಾಭ? ನೋಡಿದ ಕೂಡಲೆ 300 ಕಡಿಮೆ ಅನಿಸುತ್ತದೆ. ಆದರೆ ತಲೆ ಮತ್ತು ಚಿಪ್ಪು ತೆಗೆದರೆ ಒಂದು ಕಿಲೋದಲ್ಲಿ ಉಳಿಯುವುದು ಸುಮಾರು ಅರ್ಧ ಕಿಲೋ. ಅರ್ಧ ಕಿಲೋ ಮಾಂಸಕ್ಕೆ 300 ರೂಪಾಯಿ ಆಯಿತು. ಒಂದು ಕಿಲೋ ಮಾಂಸಕ್ಕೆ 600 ರೂಪಾಯಿ. ಹಾಗಾದರೆ ಈ ಲೆಕ್ಕದಲ್ಲಿ ಸುಲಿದದ್ದೇ 50 ರೂಪಾಯಿ ಕಡಿಮೆ. ಸುಲಿಯುವ ಕೆಲಸವೂ ಉಳಿಯಿತು. ಆದರೆ ಸುಲಿದದ್ದರಲ್ಲಿ ತಲೆ ಇರುವುದಿಲ್ಲ. ಹಾಗಾಗಿ ತಾಜಾ ಹೌದೋ ಅಲ್ಲವೋ ಎಂದು ತಿಳಿಯುವುದು ಸ್ವಲ್ಪ ಕಷ್ಟ. ಮೂಗನ್ನೇ ನಂಬಬೇಕು. ಬೆಲೆ ದಿನಾ ಬದಲಾಗುತ್ತದೆ. ಲೆಕ್ಕದ ದಾರಿ ಮಾತ್ರ ಇದೇ.

ಕೊಂಡ ಮೇಲೆ ಒಂದು ಹಿಡಿ ಮಂಜುಗಡ್ಡೆ ಕೇಳಿ ತನ್ನಿ. ಸಿಗಡಿ ಬಿಸಿಲಿನಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿ ಬೇಗ ಹಾಳಾಗುತ್ತದೆ.

ಅನ್ನ ಮೊದಲು

ಗಸಿಗಿಂತ ಮೊದಲು ಅನ್ನಕ್ಕೆ ನೀರಿಡಬೇಕು. ಯಾಕೆಂದರೆ ಕುಚ್ಚಲಕ್ಕಿ ನಿಧಾನ. ತೆರೆದ ಪಾತ್ರೆಯಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು. ಸಿಗಡಿ ಬೇಯಲು ಐದು ನಿಮಿಷ ಸಾಕು.

ಕುಚ್ಚಲಕ್ಕಿ ಯಾಕೆ ಅಷ್ಟು ನಿಧಾನ? ಭತ್ತವನ್ನು ಮೊದಲು ಬೇಯಿಸಿ, ಒಣಗಿಸಿ, ಆಮೇಲೆ ಅಕ್ಕಿ ಮಾಡುತ್ತಾರೆ. ಅದರಿಂದ ಕಾಳು ಗಟ್ಟಿಯಾಗುತ್ತದೆ. ಆದರೆ ಒಂದು ಲಾಭ ಉಂಟು. ಬೇಯಿಸುವಾಗ ತವುಡಿನಲ್ಲಿರುವ ಜೀವಸತ್ವದ ಸ್ವಲ್ಪ ಭಾಗ ಕಾಳಿನ ಒಳಗೆ ಇಳಿಯುತ್ತದೆ. ಹಾಗಾಗಿ ಗಿರಣಿಯಲ್ಲಿ ತವುಡು ಹೋದರೂ ಬೆಳ್ತಿಗೆ ಅಕ್ಕಿಗಿಂತ ಇದರಲ್ಲಿ ಹೆಚ್ಚು ಉಳಿಯುತ್ತದೆ.

ಐದು ಜನಕ್ಕೆ ಎರಡೂವರೆ ಲೋಟ ಅಕ್ಕಿ. ಅಂದರೆ ಸುಮಾರು ಅರ್ಧ ಕಿಲೋ. ನೀರು 12 ಲೋಟ. ಅಕ್ಕಿಯನ್ನು ಎರಡು ಮೂರು ಸಲ ತೊಳೆದು ಕುದಿಯುವ ನೀರಿಗೆ ಹಾಕಿ.

ತರಗತಿಗೆ ಬರುವವರಿಗೆ ಇಲ್ಲಿ ಒಂದು ಉಪಾಯ ಉಂಟು. ಮಲಯಾಳದಲ್ಲಿ ಚೂಡಾರಾಪೆಟ್ಟಿ ಎನ್ನುತ್ತಾರೆ. ಬಿಸಿ ಆರದ ಪೆಟ್ಟಿ ಎಂದು ಅರ್ಥ. ಅಂಗಡಿಯಲ್ಲಿ ಸಿಗುತ್ತದೆ. ಮನೆಯಲ್ಲಿಯೂ ಮಾಡಬಹುದು. ಮುಚ್ಚಳ ಇರುವ ಪೆಟ್ಟಿಯ ಒಳಗೆ ಸುತ್ತಲೂ ಥರ್ಮಾಕೋಲನ್ನೋ, ಒಣ ಬೈಹುಲ್ಲನ್ನೋ, ಹಳೆ ಬಟ್ಟೆಯನ್ನೋ ಒತ್ತಿ ತುಂಬಬೇಕು. ನಡುವೆ ಪಾತ್ರೆ ಕೂರುವಷ್ಟು ಜಾಗ ಬಿಡಬೇಕು. ಅಕ್ಕಿಯನ್ನು ಮುಚ್ಚಳ ಹಾಕಿ 15 ನಿಮಿಷ ಚೆನ್ನಾಗಿ ಕುದಿಸಿ. ಕುದಿಯುತ್ತಿರುವಾಗಲೇ ಪಾತ್ರೆಯನ್ನು ತೆಗೆದು ಪೆಟ್ಟಿಯಲ್ಲಿ ಇಡಿ. ಮೇಲೆ ದಪ್ಪ ಬಟ್ಟೆ ಹಾಕಿ ಪೆಟ್ಟಿ ಮುಚ್ಚಿ. ನಡುವೆ ತೆರೆದು ನೋಡಬಾರದು. ಒಳಗಿನ ಬಿಸಿಯಲ್ಲೇ ಅನ್ನ ಬೇಯುತ್ತದೆ. ಒಂದೂವರೆ ಎರಡು ಗಂಟೆ ಬಿಟ್ಟು ಬಸಿದರೆ ಆಯಿತು. ಕಾಳು ಸ್ವಲ್ಪ ಗಟ್ಟಿ ಇದ್ದರೆ ಮತ್ತೆ ಐದು ನಿಮಿಷ ಒಲೆಗೆ ಇಡಿ. ಗ್ಯಾಸ್ ಉಳಿಯಿತು, ಸೌದೆ ಉಳಿಯಿತು. ಒಲೆಯ ಹತ್ತಿರ ಯಾರೂ ಕಾಯಬೇಕಾಗಿಲ್ಲ. ಅನ್ನ ಪೆಟ್ಟಿಯಲ್ಲಿ ಬೇಯಲಿ, ನೀವು ಇಲ್ಲಿ ಓದಿ.

ಬಸಿದ ಗಂಜಿ ತಿಳಿಯನ್ನು ಚೆಲ್ಲಬೇಡಿ. ಚೂರು ಉಪ್ಪು ಹಾಕಿ ಕುಡಿಯಬಹುದು.

ಸಿಗಡಿ ಸುಲಿಯುವುದು

ತಲೆಯನ್ನು ಹಿಡಿದು ತಿರುಗಿಸಿ ಎಳೆಯಿರಿ. ಕಾಲಿನ ಕಡೆಯಿಂದ ಚಿಪ್ಪು ಬಿಡಿಸಿ. ಬೆನ್ನನ್ನು ಚೂರಿಯಿಂದ ಸ್ವಲ್ಪ ಸೀಳಿದರೆ ಕಪ್ಪು ನೂಲಿನ ಹಾಗೆ ಒಂದು ಕಾಣುತ್ತದೆ. ಅದು ಸಿಗಡಿಯ ಕರುಳು. ಒಳಗೆ ಮಣ್ಣು, ಹೊಲಸು ಇರುತ್ತದೆ. ಎಳೆದು ತೆಗೆಯಿರಿ. ತೊಳೆದು, ಚಿಟಿಕೆ ಅರಸಿನ, ಚಿಟಿಕೆ ಉಪ್ಪು ಹಚ್ಚಿ. ಕೂಡಲೇ ಬೇಯಿಸುವುದಿಲ್ಲ ಎಂದಾದರೆ ಫ್ರಿಜ್ಜಿನಲ್ಲಿ ಇಡಿ. ಫ್ರಿಜ್ ಇಲ್ಲದವರು ಮುಚ್ಚಳದ ಡಬ್ಬಿಗೆ ಹಾಕಿ, ಆ ಡಬ್ಬಿಯನ್ನು ಮಂಜುಗಡ್ಡೆಯ ನಡುವೆ ಇಡಿ.

ಮಸಾಲೆ ಮತ್ತು ಕೈ ಅಳತೆ

ಈಗ ಮುಖ್ಯವಾದ ಮಾತು. “ಕೊತ್ತಂಬರಿ ಎಷ್ಟು ಹಾಕ್ತೀರಿ?” ಎಂದು ಕೇಳಿದರೆ ನೀವು “ಒಂದು ಹಿಡಿ” ಎನ್ನುತ್ತೀರಿ. “ಉಪ್ಪು?” ಎಂದರೆ “ಬೇಕಾದಷ್ಟು” ಎನ್ನುತ್ತೀರಿ. ನಿಮ್ಮ ಕೈಗೆ ಅದು ಸಾಕು. ಆದರೆ ಚೀಟಿ ಓದುವವನ ಕೈ ಬೇರೆ. ನಿಮ್ಮ ಒಂದು ಹಿಡಿ ಅವನ ಎರಡು ಹಿಡಿ ಆಗಬಹುದು.

ನನ್ನ ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಅವರ ಸಿಗಡಿ ಗಸಿ ತಿಂದವರು ಮರೆಯುತ್ತಿರಲಿಲ್ಲ. ಅವರು ತೀರಿಕೊಂಡ ಮೇಲೆ ನನ್ನ ಅಮ್ಮ, ಚಿಕ್ಕಮ್ಮ ಎಲ್ಲರೂ ಮಾಡಿ ನೋಡಿದರು. ಆ ರುಚಿ ಬರಲಿಲ್ಲ. ಮೆಂತೆ ಎಷ್ಟು, ಹುಳಿ ಎಷ್ಟು ಎಂದು ಯಾರೂ ಬರೆದುಕೊಂಡಿರಲಿಲ್ಲ. ಮನೆಯ ಒಂದು ಆಸ್ತಿ ಹಾಗೆಯೇ ಹೋಯಿತು.

ಹಾಗಾದರೆ ಎಂತ ಮಾಡುವುದು? ಸುಲಭ. ಮುಂದಿನ ಸಲ ಅಡುಗೆ ಮಾಡುವಾಗ ನಿಮ್ಮ ಕೈಗೆ ಬಂದಷ್ಟೇ ತೆಗೆಯಿರಿ. ಪಾತ್ರೆಗೆ ಹಾಕುವ ಮೊದಲು ಒಂದು ತಟ್ಟೆಗೆ ಹಾಕಿ. ಅದು ಎಷ್ಟು ಚಮಚ ಎಂದು ಅಳೆಯಿರಿ. ಬರೆದುಕೊಳ್ಳಿ. ಆಮೇಲೆ ಪಾತ್ರೆಗೆ ಹಾಕಿ. ಎರಡು ಮೂರು ಸಲ ಹೀಗೆ ಮಾಡಿದರೆ ನಿಮ್ಮ ಕೈ ಅಳತೆ ಕಾಗದಕ್ಕೆ ಬರುತ್ತದೆ. ಎಲ್ಲಕ್ಕೂ ಒಂದೇ ಚಹಾ ಚಮಚ, ಒಂದೇ ಲೋಟ ಉಪಯೋಗಿಸಿ.

ನನ್ನ ಮನೆಯ ಅಳತೆ ಹೇಳುತ್ತೇನೆ. ಅರ್ಧ ಕಿಲೋ ಸಿಗಡಿಗೆ ಒಂದು ತೆಂಗಿನಕಾಯಿಯ ಅರ್ಧ ಭಾಗದ ತುರಿ. ಒಣ ಬ್ಯಾಡಗಿ ಮೆಣಸು 8. ಕೊತ್ತಂಬರಿ 2 ಚಮಚ. ಜೀರಿಗೆ ಅರ್ಧ ಚಮಚ. ಮೆಂತೆ 8 ಕಾಳು. ಅರಸಿನ ಪುಡಿ ಕಾಲು ಚಮಚ. ಬೆಳ್ಳುಳ್ಳಿ 4 ಎಸಳು. ಹುಣಸೆಹುಳಿ ಒಂದು ಸಣ್ಣ ನೆಲ್ಲಿಕಾಯಿಯಷ್ಟು. ಮೆಣಸು, ಕೊತ್ತಂಬರಿ, ಜೀರಿಗೆ, ಮೆಂತೆ ಇಷ್ಟನ್ನು ಸಣ್ಣ ಉರಿಯಲ್ಲಿ ಪರಿಮಳ ಬರುವವರೆಗೆ ಹುರಿಯಿರಿ. ಮೆಂತೆ ಕಪ್ಪಾಗಬಾರದು, ಕಪ್ಪಾದರೆ ಕಹಿ. ಎಲ್ಲ ಸೇರಿಸಿ ನುಣ್ಣಗೆ ಅರೆಯಿರಿ.

ಬೇಯಿಸುವುದು

ಮಣ್ಣಿನ ಪಾತ್ರೆಗೆ ಅರೆದ ಮಸಾಲೆ, ಹೆಚ್ಚಿದ ಒಂದು ನೀರುಳ್ಳಿ, 2 ಲೋಟ ನೀರು, 1 ಚಮಚ ಉಪ್ಪು ಹಾಕಿ. 10 ನಿಮಿಷ ಕುದಿಸಿ. ಹಸಿ ವಾಸನೆ ಹೋಗಲಿ. ಉಪ್ಪು, ಹುಳಿ ಈಗಲೇ ನೋಡಿ. ಕೊನೆಗೆ ಸಿಗಡಿ ಹಾಕಿ.

ಸಿಗಡಿ ಹಾಕಿದ ಮೇಲೆ ಗಡಿಯಾರ ನೋಡಿ. 4 ರಿಂದ 5 ನಿಮಿಷ, ಅಷ್ಟೇ. ತುಂಬ ದೊಡ್ಡ ಸಿಗಡಿ ಆದರೆ ಇನ್ನು ಒಂದೆರಡು ನಿಮಿಷ. “ಮೀನಲ್ಲವಾ, ಚೆನ್ನಾಗಿ ಬೇಯಲಿ” ಎಂದು 20 ನಿಮಿಷ ಬಿಡುವವರು ಇದ್ದಾರೆ. ಹೆಚ್ಚು ಬೆಂದ ಹಾಗೆ ಸಿಗಡಿಯ ಒಳಗಿನ ನೀರು ಹೊರಗೆ ಬರುತ್ತದೆ. ಮಾಂಸ ಕುಗ್ಗುತ್ತದೆ, ರಬ್ಬರಿನ ಹಾಗೆ ಆಗುತ್ತದೆ. ಕೊಟ್ಟ ದುಡ್ಡಿಗೆ ತಟ್ಟೆಯಲ್ಲಿ ಸಣ್ಣ ಚೂರು ಉಳಿಯುತ್ತದೆ.

ಗಡಿಯಾರ ಇಲ್ಲದಿದ್ರೂ ತಿಳಿಯಬಹುದು. ಹಸಿ ಸಿಗಡಿ ಬೂದು ಬಣ್ಣ, ಒಳಗೆ ಗಾಜಿನ ಹಾಗೆ. ಬೆಂದದ್ದು ಹೊರಗೆ ಕೆಂಪು, ಒಳಗೆ ಬಿಳಿ. ಆ ಕೆಂಪು ಎಲ್ಲಿಂದ ಬಂತು? ಮೆಣಸಿನಿಂದ ಮಾತ್ರ ಅಲ್ಲ. ಬರೀ ನೀರಿನಲ್ಲಿ ಬೇಯಿಸಿದರೂ ಸಿಗಡಿ ಕೆಂಪಾಗುತ್ತದೆ. ಕೆಂಪು ಬಣ್ಣ ಅದರ ಮೈಯಲ್ಲಿ ಮೊದಲೇ ಉಂಟು. ಒಂದು ಬಗೆಯ ಪ್ರೊಟೀನ್ ಅದನ್ನು ಹಿಡಿದು ಅಡಗಿಸಿ ಇಟ್ಟಿರುತ್ತದೆ. ಬಿಸಿಯಾದಾಗ ಆ ಹಿಡಿತ ಬಿಡುತ್ತದೆ, ಬಣ್ಣ ಹೊರಗೆ ಕಾಣುತ್ತದೆ.

ಇನ್ನು ಆಕಾರ ನೋಡಿ. ನೇರವಾಗಿದ್ದರೆ ಬೆಂದಿಲ್ಲ. ಬಿದಿಗೆ ಚಂದ್ರನ ಹಾಗೆ ಬಾಗಿದ್ದರೆ ಹದ. ಸೊನ್ನೆಯ ಹಾಗೆ ಸುತ್ತಿಕೊಂಡರೆ ಹೆಚ್ಚಾಯಿತು. ಸೊನ್ನೆ ಆಗುವ ಮೊದಲು ಒಲೆ ಆರಿಸಿ.

ಮೇಲಿನಿಂದ ತೆಂಗಿನ ಎಣ್ಣೆಯಲ್ಲಿ ಬೆಳ್ಳುಳ್ಳಿ, ಕರಿಬೇವು ಹಾಕಿ ಒಗ್ಗರಣೆ ಕೊಡಿ. ಗಸಿ ಆಯಿತು.

ಚೀಟಿ ಹೀಗಿರಲಿ

ಇಷ್ಟು ಮಾತು ಚೀಟಿಯಲ್ಲಿ ಬೇಡ. ಚೀಟಿಯ ಸಾಲು ಸಣ್ಣದಿರಬೇಕು. ಒಂದು ಸಾಲಿಗೆ ಒಂದು ಕೆಲಸ. ಯಾವುದು ಮೊದಲು, ಯಾವುದು ಆಮೇಲೆ ಎಂದು ತಿಳಿಯಲು ಅಂಕೆ ಹಾಕಬೇಕು.

ಸಿಗಡಿ ಗಸಿ, ಅನ್ನ – 5 ಜನಕ್ಕೆ

1. ಅಕ್ಕಿ ಎರಡೂವರೆ ಲೋಟ. ತೊಳೆ.
2. 12 ಲೋಟ ನೀರು ಕುದಿಸು. ಅಕ್ಕಿ ಹಾಕು.
3. ಮುಚ್ಚಿ 15 ನಿಮಿಷ ಕುದಿಸು. ಪೆಟ್ಟಿಯಲ್ಲಿ ಇಡು.
4. ಒಂದೂವರೆ ಗಂಟೆ ಕಳೆದು ಅನ್ನ ನೋಡು. ಬೆಂದಿದ್ದರೆ ಬಸಿ.
5. ಅರೆದ ಮಸಾಲೆ ಡಬ್ಬಿಯಲ್ಲಿ ಉಂಟು. ಪಾತ್ರೆಗೆ ಹಾಕು.
6. ನೀರುಳ್ಳಿ 1, ನೀರು 2 ಲೋಟ, ಉಪ್ಪು 1 ಚಮಚ ಹಾಕು.
7. 10 ನಿಮಿಷ ಕುದಿಸು. ರುಚಿ ನೋಡು.
8. ಸಿಗಡಿ ಹಾಕು. 5 ನಿಮಿಷ ಮಾತ್ರ. ಒಲೆ ಆರಿಸು.
9. ಒಗ್ಗರಣೆ ಕೊಡು.

ನೋಡಿ, ಒಂಬತ್ತು ಸಾಲು. ಇದರಲ್ಲಿ ಕಷ್ಟದ ಶಬ್ದ ಎಷ್ಟು ಉಂಟು? ಅಕ್ಕಿ, ಅನ್ನ, ಉಪ್ಪು, ಒಗ್ಗರಣೆ, ನೀರುಳ್ಳಿ. ಎಲ್ಲದರಲ್ಲಿಯೂ ಒತ್ತಕ್ಷರ ಉಂಟು. ಅವು ಕಠಿಣ ಅನಿಸಿದರೂ ದಿನಾ ಕೈಗೆ ಸಿಗುವ ವಸ್ತುಗಳೇ. ಬರೆದು ಬರೆದು ಕೈಗೆ ಬರುತ್ತವೆ.

ನಮ್ಮ ತರಗತಿ 6 ಗಂಟೆಗೆ ಶುರು, ಏಳೂವರೆಗೆ ಮುಗಿಯುತ್ತದೆ. 5 ಗಂಟೆಗೆ ಸಿಗಡಿ ಸುಲಿದು ತಣ್ಣಗೆ ಇಡಿ. ಅಕ್ಕಿ ಕುದಿಯುವಷ್ಟರಲ್ಲಿ ಮಸಾಲೆ ಅರೆಯಿರಿ. ಹೊರಡುವ ಮೊದಲು ಪಾತ್ರೆ ಪೆಟ್ಟಿಗೆ ಹೋಗಲಿ. ನಾಲ್ಕನೆಯ ಸಾಲಿನಿಂದ ಮುಂದಿನದನ್ನು ಮನೆಯಲ್ಲಿರುವವರು ಮಾಡಲಿ. ಅದು ಅರ್ಧ ಗಂಟೆಯ ಕೆಲಸ.

ಮೊದಲ ಸಲ ಉಪ್ಪು ಹೆಚ್ಚಾಗಬಹುದು. ಬೈಯಬೇಡಿ. ಬೈದರೆ ಎರಡನೆಯ ಸಲ ಅವರು ಸೌಟು ಮುಟ್ಟುವುದಿಲ್ಲ. ನೀವು “ಅ” ಬರೆಯಲು ಕಲಿತ ದಿನ ನಾವು ನಿಮಗೆ ಬೈದೆವಾ?

ಅಣ್ಣಂದಿರೇ, ನಿಮಗೂ ಒಂದು ಮಾತು. ಗಲ್ಫಿಗೆ ಹೋದ ನಮ್ಮ ಗಂಡಸರು ಅಲ್ಲಿ ರೂಮಿನಲ್ಲಿ ಸರದಿಯ ಹಾಗೆ ಅಡುಗೆ ಮಾಡುತ್ತಾರೆ. ಅಲ್ಲಿ ಆಗುವುದು ಇಲ್ಲಿ ಯಾಕೆ ಆಗುವುದಿಲ್ಲ? ಓದು ಕಲಿಯುವ ನೀವೇ ಮೊದಲು ಆ ಚೀಟಿ ಓದಿ, ಒಂದು ದಿನ ಮಾಡಿ ನೋಡಿ.

ಎಚ್ಚರ ಬೇಕಾದಲ್ಲಿ

ಚೀಟಿಯ ಕೆಳಗೆ ಎರಡು ಸಾಲು ಕೆಂಪು ಶಾಯಿಯಲ್ಲಿ ಬರೆಯಿರಿ.

ಒಂದು: ಕೆಲವರ ಮೈಗೆ ಸಿಗಡಿ ಆಗುವುದಿಲ್ಲ. ತಿಂದ ಮೇಲೆ ತುರಿಕೆ, ಮೈಯಲ್ಲಿ ದದ್ದು, ತುಟಿ ಬಾತುಕೊಳ್ಳುವುದು, ವಾಂತಿ ಬರಬಹುದು. ಉಸಿರು ಕಟ್ಟಿದ ಹಾಗಾದರೆ ಮನೆಮದ್ದು ಮಾಡುತ್ತ ಕೂರಬಾರದು. ಕೂಡಲೇ 108 ಕ್ಕೆ ಫೋನ್ ಮಾಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಒಮ್ಮೆ ಹೀಗೆ ಆದವರು ಮತ್ತೆ ಸಿಗಡಿ ತಿನ್ನಬಾರದು. ಒಣ ಸಿಗಡಿಯ ಚಟ್ನಿಯೂ ಬೇಡ. ಮನೆಗೆ ನೆಂಟರು ಬಂದರೆ ಬಡಿಸುವ ಮೊದಲು ಕೇಳಿ.

ಎರಡು: ಬೆಂದ ಗಸಿಯನ್ನು ಎರಡು ಗಂಟೆಗಿಂತ ಹೆಚ್ಚು ಹೊರಗೆ ಬಿಡಬೇಡಿ. ನಮ್ಮ ಊರಿನ ಸೆಕೆಯಲ್ಲಿ ತೆಂಗಿನಕಾಯಿ ಹಾಕಿದ್ದು ಬೇಗ ಕೆಡುತ್ತದೆ. ಫ್ರಿಜ್ ಇಲ್ಲದಿದ್ರೆ ಅವತ್ತಿಗೆ ಬೇಕಾದಷ್ಟೇ ಮಾಡಿ.

ಮಳೆಗಾಲದಲ್ಲಿ

ಜೂನ್, ಜುಲೈಯಲ್ಲಿ ಸಿಗಡಿ ಕಡಿಮೆ, ಬೆಲೆ ಹೆಚ್ಚು. ಕೇರಳದಲ್ಲಿ ಮಳೆಗಾಲದ ಟ್ರಾಲಿಂಗ್ ನಿಷೇಧ 1988 ರಲ್ಲಿ ಶುರುವಾಯಿತು. ಈಗ ಅದು ಜೂನ್ 9 ರ ನಡುರಾತ್ರಿಯಿಂದ ಜುಲೈ 31 ರವರೆಗೆ, 52 ದಿನ. ದೊಡ್ಡ ಬಲೆಯ ಯಂತ್ರದ ಬೋಟುಗಳು ಆಗ ಕಡಲಿಗೆ ಹೋಗುವಂತಿಲ್ಲ. ಸಾಂಪ್ರದಾಯಿಕ ದೋಣಿಯವರು ಹೋಗಬಹುದು. ಕಡಲಲ್ಲಿ ಮೀನು ಮರಿ ಮಾಡಿ ಹೆಚ್ಚಲಿ ಎಂದು ಈ ನಿಯಮ. ಸಿಗಡಿ ಕಡಲಲ್ಲಿ ಮೊಟ್ಟೆ ಇಡುತ್ತದೆ. ಹಲವು ಜಾತಿಯ ಮರಿಗಳು ಅಳಿವೆ ದಾಟಿ ಹೊಳೆಯ ಉಪ್ಪುನೀರಿಗೆ ಬಂದು ಬೆಳೆಯುತ್ತವೆ. ದೊಡ್ಡದಾಗಿ ಮತ್ತೆ ಕಡಲಿಗೆ ಹೋಗುತ್ತವೆ. ನಮ್ಮ ಚಂದ್ರಗಿರಿ, ಮೊಗ್ರಾಲು, ಮಂಜೇಶ್ವರದ ಹೊಳೆಗಳು ಚೊಕ್ಕ ಇದ್ದರೆ ನಮ್ಮ ಗಸಿಗೂ ಒಳ್ಳೆಯದು.

ಆ ದಿನಗಳಲ್ಲಿ ಒಣ ಸಿಗಡಿ ಸಾಕು. ಒಂದು ಹಿಡಿ ಒಣ ಸಿಗಡಿಯ ತಲೆ, ಬಾಲ ತೆಗೆದು ಹುರಿಯಿರಿ. ತೆಂಗಿನ ತುರಿ, ಒಣ ಮೆಣಸು, ಹುಳಿ, ಉಪ್ಪು ಸೇರಿಸಿ ತರಿ ತರಿಯಾಗಿ ಅರೆದರೆ ಗಂಜಿಗೆ ಚಟ್ನಿ ಆಯಿತು. ಇದಕ್ಕೂ ಒಂದು ಚೀಟಿ ಬರೆಯಬಹುದು.

ಮನೆಯಲ್ಲಿ ಬರೆಯಿರಿ

ಮುಂದಿನ ವಾರಕ್ಕೆ ಎಲ್ಲರೂ ಒಂದೊಂದು ಚೀಟಿ ಬರೆದು ತನ್ನಿ. ನಿಮ್ಮ ಮನೆಯ ಒಂದೇ ಅಡುಗೆ ಸಾಕು. ಹತ್ತು ಸಾಲಿಗಿಂತ ಹೆಚ್ಚು ಬೇಡ. ಅಳತೆ ಅಂಕೆಯಲ್ಲಿ ಇರಲಿ. ಮೇಲೆ ಅಡುಗೆಯ ಹೆಸರು, ಕೆಳಗೆ ನಿಮ್ಮ ಹೆಸರು ಬರೆಯಿರಿ. ಕಾಗುಣಿತ ತಪ್ಪಾದರೆ ಇಲ್ಲಿ ಸರಿ ಮಾಡುವ.

ಆಮೇಲೆ ಪಕ್ಕದವರ ಚೀಟಿಯನ್ನು ನೀವು ಓದಿ. ನಿಮ್ಮದನ್ನು ಅವರು ಓದಲಿ. ಓದಿದವರಿಗೆ ಅಡುಗೆ ಅರ್ಥವಾದರೆ ನಿಮ್ಮ ಬರಹ ಸರಿ ಉಂಟು. ನಿಮ್ಮ ಹೆಸರು ಬರೆದ ಆ ಕಾಗದವನ್ನು ನೋಡಿ ಮನೆಯವರು ಅನ್ನ ಬೇಯಿಸಲಿ. ನೀವು ಸ್ಲೇಟು ಹಿಡಿದು ಇಲ್ಲಿಗೆ ಬನ್ನಿ.